ಖಜಾನೆ ಮಂತ್ರಿಯ ಕಪ್ಪು ಹೆಸರು

ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮೂರು ಬೇರೆ ಬೇರೆ ದಿಕ್ಕಿನಿಂದ ಬರುತ್ತಲೇ ಇರುತ್ತದೆ. ‘ಸಿಲುಯೆಟ್ ಅಂದರೇನು ಸಾರ್?’ ಎಂದು ಕೇಳುವವರಲ್ಲಿ ಕೆಲವರು ಫೋಟೊ ಸ್ಪರ್ಧೆಗೆ ಚಿತ್ರ ಕಳಿಸಲು ಹೊರಟವರು. ಸ್ಪರ್ಧೆಯ ಒಂದು ವಿಭಾಗಕ್ಕೇ ಆ ಹೆಸರಿರುತ್ತದೆ. ಕೆಲವರು ಮಗಳ ಆರತಕ್ಷತೆಗೆ ಆನ್‌ಲೈನಿನಲ್ಲಿ ಗೌನು ಹುಡುಕುತ್ತಾ ‘ಎ-ಲೈನ್ ಸಿಲುಯೆಟ್’ ಎಂಬಲ್ಲಿಗೆ ಬಂದು ನಿಂತವರು. ಎಲ್ಲರಿಗಿಂತ ಗಾಬರಿಯಿಂದ ಬರೆಯುವವರು ಎದೆಯ ಎಕ್ಸ್‌ರೇ ವರದಿ ಕೈಯಲ್ಲಿ ಹಿಡಿದವರು. ‘ಕಾರ್ಡಿಯಾಕ್ ಸಿಲುಯೆಟ್ ನಾರ್ಮಲ್ ಅಂತ ಬರೆದಿದ್ದಾರೆ. ನಾರ್ಮಲ್ ಅನ್ನುವುದು ಗೊತ್ತಾಯಿತು. ಈ ಸಿಲುಯೆಟ್ ಎದೆಯೊಳಗೆ ಇರಬೇಕಾದದ್ದೋ, ಇರಬಾರದ್ದೋ?’

ಇರಬೇಕಾದದ್ದೇ. ಆ ವರದಿಯಲ್ಲಿ ಅದರ ಅರ್ಥ ಹೃದಯದ ಅಂಚು, ಅಷ್ಟೆ. ಗಾಳಿ ತುಂಬಿದ ಶ್ವಾಸಕೋಶ ಎಕ್ಸ್‌ರೇಯಲ್ಲಿ ಕಪ್ಪಗೆ ಬರುತ್ತದೆ, ರಕ್ತ ತುಂಬಿದ ಹೃದಯ ಬೆಳ್ಳಗೆ. ಕಪ್ಪು ಬಿಳುಪು ಸೇರುವಲ್ಲಿ ಹೃದಯದ ಆಕಾರ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ನ್ಯುಮೋನಿಯಾ ಆಗಿ ಹೃದಯಕ್ಕೆ ತಾಗಿರುವ ಶ್ವಾಸಕೋಶದ ಭಾಗದಲ್ಲಿ ಗಾಳಿಯ ಬದಲು ಕೀವೋ ನೀರೋ ತುಂಬಿದರೆ ಎರಡೂ ಒಂದೇ ಬಿಳುಪಿಗೆ ಬಂದು ಆ ಅಂಚು ಅಳಿಸಿಹೋಗುತ್ತದೆ. ಯಾವ ಕಡೆಯ ಅಂಚು ಅಳಿಸಿದೆ ಎಂಬುದರಿಂದ ರೋಗ ಶ್ವಾಸಕೋಶದ ಯಾವ ಹಾಲೆಯಲ್ಲಿದೆ ಎಂದು ವೈದ್ಯರು ಹೇಳಬಲ್ಲರು. ಅಮೆರಿಕದ ರೇಡಿಯಾಲಜಿಸ್ಟ್ ಬೆಂಜಮಿನ್ ಫೆಲ್ಸನ್ 1950ರಲ್ಲಿ ಇದನ್ನು ‘ಸಿಲುಯೆಟ್ ಸೈನ್’ ಎಂದು ಕರೆದರು. ಹೆಸರು ಅಲ್ಲಿಂದ ಎಲ್ಲ ಆಸ್ಪತ್ರೆಗಳಿಗೂ ಬಂತು.

ಎಕ್ಸ್‌ರೇ, ಗೌನು, ಸ್ಪರ್ಧೆಯ ಫೋಟೊ, ಮೂರಕ್ಕೂ ಸಮಾನವಾದದ್ದು ಈ ಅಂಚೇ. ಒಳಗಿನ ವಿವರವೆಲ್ಲ ಹೋಗಿ, ಹೊರಗಿನ ಗೆರೆಯೊಂದರಿಂದಲೇ ವಸ್ತುವನ್ನು ಗುರುತಿಸುವಂತಾದರೆ ಅದು ಸಿಲುಯೆಟ್. ಸಾಮಾನ್ಯವಾಗಿ ಹಿಂದೆ ಬೆಳಕು, ಮುಂದೆ ಕಪ್ಪು ಆಕೃತಿ. ಬಟ್ಟೆಯ ಲೋಕದಲ್ಲಿ ಬಣ್ಣ, ಕಸೂತಿ, ಗುಂಡಿ ಎಲ್ಲ ಬಿಟ್ಟು ಉಡುಪಿನ ಒಟ್ಟು ಆಕಾರವನ್ನಷ್ಟೇ ಹೇಳಲು ಈ ಪದ ಬಳಸುತ್ತಾರೆ. 1947ರಲ್ಲಿ ಕ್ರಿಸ್ತಿಯಾನ್ ದಿಯೋರ್ ಪ್ಯಾರಿಸ್ಸಿನಲ್ಲಿ ಸೊಂಟ ಬಿಗಿದ, ಕೆಳಗೆ ಘೇರು ತುಂಬಿದ ಉಡುಪುಗಳನ್ನು ತೋರಿಸಿದಾಗ ಜಗತ್ತು ಚರ್ಚಿಸಿದ್ದು ಬಟ್ಟೆಯ ಬಣ್ಣವನ್ನಲ್ಲ, ಈ ಸಿಲುಯೆಟ್ಟನ್ನು. ನಮ್ಮ ಟೈಲರುಗಳು ‘ಶೇಪು’ ಅನ್ನುತ್ತಾರಲ್ಲ, ಅದೇ.

ನೆರಳಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಮುಂದಿನ ಪ್ರಶ್ನೆ. ನೆರಳು ಬೇರೆಲ್ಲೋ ಬೀಳುತ್ತದೆ: ಗೋಡೆಯ ಮೇಲೆ, ನೆಲದ ಮೇಲೆ. ಬೆಳಗ್ಗೆ ಉದ್ದವಾಗುತ್ತದೆ, ಮಧ್ಯಾಹ್ನ ಕಾಲಡಿ ಕುಗ್ಗುತ್ತದೆ. ಸಂಜೆ ಬೆಳಕಿಗೆ ಎದುರಾಗಿ ನಿಂತ ಮನುಷ್ಯ ಕಪ್ಪಗೆ ಕಂಡರೆ ಅದು ಅವನ ನೆರಳಲ್ಲ, ಅವನೇ. ನಮ್ಮ ಕಡೆಗಿರುವ ಅವನ ಮೈಗೆ ಸಾಕಷ್ಟು ಬೆಳಕಿಲ್ಲ, ಅಷ್ಟೆ. ಇಷ್ಟು ಸರಳವಾದ ವ್ಯತ್ಯಾಸ ಗೋಜಲಾಗಲು ಕಾರಣವಿದೆ. ಈ ಹೆಸರು ಅಂಟಿಕೊಂಡ ಮೊದಲ ಚಿತ್ರಗಳನ್ನು ಮಾಡುತ್ತಿದ್ದದ್ದು ನೆರಳಿನ ಸುತ್ತ ಗೆರೆ ಎಳೆದು.

ಪತ್ರಿಕೆಯ ಫೋಟೊ ಡೆಸ್ಕಿನಲ್ಲಿ ಕೂತವರಿಗೆ ಡಿಸೆಂಬರ್ 31 ಸಿಲುಯೆಟ್ ದಿನ. ಸಂಜೆ ಆರೂವರೆಯಿಂದ ಜಿಲ್ಲೆ ಜಿಲ್ಲೆಗಳಿಂದ ಮುಳುಗುವ ಸೂರ್ಯ ಬರತೊಡಗುತ್ತಾನೆ. ಕರಾವಳಿಯಿಂದ ದೋಣಿ ಮತ್ತು ಹುಟ್ಟು ಹಿಡಿದವನು, ಬಯಲುಸೀಮೆಯಿಂದ ಎತ್ತಿನ ಗಾಡಿ, ಮಲೆನಾಡಿನಿಂದ ಒಂಟಿ ಮರ. ಎಲ್ಲ ಕಡೆಯಿಂದಲೂ ಹೆಗಲ ಮೇಲೆ ಮಗು ಹೊತ್ತ ಅಪ್ಪ. ಹತ್ತರಲ್ಲಿ ಎಂಟನ್ನು ನೋಡಿದ ಕೂಡಲೇ ಪಕ್ಕಕ್ಕಿಡುತ್ತಿದ್ದೆವು. ಕಾರಣ ಆಕಾಶ ಚೆನ್ನಾಗಿಲ್ಲ ಎಂದಲ್ಲ, ಆಕೃತಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಅಪ್ಪನ ತಲೆ, ಮಗುವಿನ ಹೊಟ್ಟೆ, ಹಿಂದಿನ ಪೊದೆ ಎಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಮಗುವಿನ ಕೈ ದೇಹದಿಂದ ಬಿಡಿಸಿಕೊಂಡು ಗಾಳಿಯಲ್ಲಿದ್ದರೆ, ಅಪ್ಪನ ಮುಖ ಪಕ್ಕಕ್ಕೆ ತಿರುಗಿದ್ದರೆ, ಎರಡು ದೇಹಗಳ ನಡುವೆ ಬೆರಳಗಲ ಆಕಾಶ ಕಂಡರೆ ಆ ಚಿತ್ರ ಮುಖಪುಟಕ್ಕೆ ಹೋಗುತ್ತಿತ್ತು. ಸಿಲುಯೆಟ್ಟಿನಲ್ಲಿ ಕಪ್ಪಿಗಿಂತ ಕಪ್ಪುಗಳ ನಡುವಿನ ಸಂದಿ ಮುಖ್ಯ.

ಸ್ಪರ್ಧೆಗೆ ಹೊರಟವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಯಾವುದಕ್ಕೆ ಲೆಕ್ಕ ಹಾಕಿ ಬೆಳಕನ್ನು ಒಳಗೆ ಬಿಡುತ್ತದೋ ಅದು ಸರಿಯಾಗಿ ಬರುತ್ತದೆ. ಲೆಕ್ಕವನ್ನು ಹೊಳೆಯುವ ಆಕಾಶಕ್ಕೆ ಕಟ್ಟಿದರೆ ಎದುರಿಗಿರುವ ಮನುಷ್ಯ ತಾನಾಗಿಯೇ ಕಪ್ಪಾಗುತ್ತಾನೆ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಆಕಾಶದ ಭಾಗವನ್ನು ಒತ್ತಿ, ಪ್ರಕಾಶವನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು. ಎಚ್‌ಡಿಆರ್ ಅನ್ನು ಮಾತ್ರ ಆಫ್ ಮಾಡಿಡಿ. ಈಗಿನ ಫೋನುಗಳು ಅತಿ ಜಾಣ: ಕತ್ತಲಲ್ಲಿದ್ದ ಮುಖವನ್ನು ತಾವೇ ಬೆಳಗಿಸಿ, ನೀವು ಕಷ್ಟಪಟ್ಟು ಹುಡುಕಿದ ಕಪ್ಪನ್ನು ಬೂದಿ ಬಣ್ಣಕ್ಕೆ ತಂದಿಡುತ್ತವೆ.

ಇನ್ನು ಹೆಸರಿನ ವಿಷಯ. ಸಿಲುಯೆಟ್ ಎಂಬುದು ಮೂಲದಲ್ಲಿ ಬೆಳಕಿಗೂ ಸಂಬಂಧಿಸಿದ್ದಲ್ಲ, ಕತ್ತಲೆಗೂ ಅಲ್ಲ. ಅದೊಬ್ಬ ಮನುಷ್ಯನ ಹೆಸರು. ಎತಿಯೆನ್ ದ ಸಿಲುಯೆಟ್ 1709ರಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ಹುಟ್ಟಿದವನು, ಓದು ಬರಹ ಬಲ್ಲವನು. ಇಂಗ್ಲಿಷ್ ಕವಿ ಅಲೆಗ್ಸಾಂಡರ್ ಪೋಪನ ‘ಎಸ್ಸೇ ಆನ್ ಮ್ಯಾನ್’ ಅನ್ನು ಫ್ರೆಂಚಿಗೆ ತಂದಿದ್ದ. ಲಂಡನ್ನಿನಲ್ಲಿದ್ದಾಗ ಇಂಗ್ಲೆಂಡಿನ ಸರ್ಕಾರ ತೆರಿಗೆ ಎತ್ತುವ, ಸಾಲ ನಿಭಾಯಿಸುವ ಬಗೆಯನ್ನು ಹತ್ತಿರದಿಂದ ನೋಡಿದ್ದ. ಅರಸ ಹದಿನೈದನೆಯ ಲೂಯಿಯ ಮೇಲೆ ದೊಡ್ಡ ಪ್ರಭಾವವಿದ್ದ ಮದಾಮ್ ದ ಪೊಂಪದೂರಳ ಬೆಂಬಲದಿಂದ 1759ರ ಮಾರ್ಚಿನಲ್ಲಿ ದೇಶದ ಹಣಕಾಸಿನ ಮುಖ್ಯಾಧಿಕಾರಿಯಾದ. ನಮ್ಮ ಮಾತಿನಲ್ಲಿ ಹಣಕಾಸು ಮಂತ್ರಿ.

ಅಧಿಕಾರ ಸಿಕ್ಕ ಹೊತ್ತು ಮಾತ್ರ ಶತ್ರುವಿಗೂ ಬೇಡ. ಏಳು ವರ್ಷಗಳ ಯುದ್ಧದ ನಡುಮಧ್ಯ, ಖಜಾನೆ ಬರಿದು. ಯುರೋಪಿನಲ್ಲೂ ಕೆನಡಾದಲ್ಲೂ ಸಮುದ್ರದ ಮೇಲೂ ಫ್ರೆಂಚರು ಇಂಗ್ಲಿಷರ ಎದುರು ಕಾದಾಡುತ್ತಿದ್ದರು. ಅದೇ ಯುದ್ಧದ ಒಂದು ತುದಿ ನಮ್ಮ ಪಕ್ಕದಲ್ಲೇ ಇತ್ತು. 1760ರ ಜನವರಿಯಲ್ಲಿ ವಾಂಡಿವಾಷಿನಲ್ಲಿ ಫ್ರೆಂಚರು ಸೋತರು. ಆ ವರ್ಷ ಪಾಂಡಿಚೇರಿಯಲ್ಲಿ ಸಿಕ್ಕಿಬಿದ್ದ ಅವರ ನೆರವಿಗೆ ಹೈದರಾಲಿ ಮೈಸೂರಿನಿಂದ ಪಡೆ ಕಳಿಸಿದ. ಮರುವರ್ಷದ ಜನವರಿಯಲ್ಲಿ ಪಾಂಡಿಚೇರಿಯೂ ಇಂಗ್ಲಿಷರ ಪಾಲಾಯಿತು. ಪ್ಯಾರಿಸ್ಸಿನಲ್ಲಿ ಕೂತ ಮಂತ್ರಿ ಹೊಂದಿಸಬೇಕಿದ್ದದ್ದು ಈ ಎಲ್ಲ ರಣರಂಗಗಳ ಖರ್ಚನ್ನು.

ಮೊದಲಿಗೆ ಆತ ಜನಪ್ರಿಯನೇ ಆದ. ತೆರಿಗೆ ವಸೂಲಿಯ ಗುತ್ತಿಗೆ ಹಿಡಿದು ಕೊಬ್ಬಿದ್ದ ಶ್ರೀಮಂತರ ಲಾಭದಲ್ಲಿ ಪಾಲು ತೆಗೆದು ಷೇರಾಗಿ ಸಾರ್ವಜನಿಕರಿಗೆ ಮಾರಿದ. ಆಸ್ಥಾನದವರ ಪಿಂಚಣಿಗಳಿಗೆ ಕತ್ತರಿ ಹಾಕಿದ. ಜನ ಚಪ್ಪಾಳೆ ತಟ್ಟಿದರು, ವಾಲ್ಟೇರ್ ಕೂಡ ಹೊಗಳಿದ. ಇದು ಸಾಲದಾದಾಗ ಇನ್ನೂ ಮುಂದೆ ಹೋದ: ಸಿರಿತನದ ಹೊರಗುರುತು ಕಂಡಲ್ಲೆಲ್ಲ ತೆರಿಗೆ ಎಂಬ ಯೋಜನೆ ಮುಂದಿಟ್ಟ. ಮನೆಯ ಬಾಗಿಲು ಕಿಟಕಿ, ಆಳುಕಾಳು, ಭೋಗವಸ್ತು, ವ್ಯಾಪಾರದ ಲಾಭ, ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ತೆರಿಗೆಯ ಸೋಂಕೇ ಇಲ್ಲದೆ ಬದುಕಿದ್ದ ಕುಲೀನರಿಗೆ ಇದು ನುಂಗಲಾರದ ತುತ್ತು. ಚಿನ್ನ ಬೆಳ್ಳಿಯ ತಟ್ಟೆ ಪಾತ್ರೆಗಳನ್ನು ಟಂಕಸಾಲೆಗೆ ಕೊಟ್ಟು ಕರಗಿಸಿ ನಾಣ್ಯ ಮಾಡಬೇಕೆಂಬ ಮಾತೂ ಬಂತು. ಅರಸನ ಬೆಳ್ಳಿಯೂ ಹೋಯಿತು. ಸರ್ಕಾರಿ ಸಾಲಪತ್ರಗಳ ಪಾವತಿ ನಿಂತಿತು. ನವೆಂಬರ್ ಮುಗಿಯುವ ಮೊದಲೇ ಸಿಲುಯೆಟ್ ಮನೆಗೆ ಹೋದ. ಒಟ್ಟು ಎಂಟು ತಿಂಗಳ ಅಧಿಕಾರ.

ಆಮೇಲೆ ಶುರುವಾಯಿತು ಪ್ಯಾರಿಸ್ಸಿನವರ ನಾಲಗೆ. ಜೇಬಿಲ್ಲದ ಚಲ್ಲಣ ಬಂದಾಗ ಅದು ‘ಸಿಲುಯೆಟ್ ಚಲ್ಲಣ’ ಆಯಿತು, ಇಡಲು ಕಾಸು ಉಳಿದಿದ್ದರೆ ತಾನೆ ಜೇಬು! ಚಿನ್ನದ ನಶ್ಯದ ಡಬ್ಬಿಯ ಬದಲು ಸಾದಾ ಮರದ್ದು ಕಂಡರೆ ಅದೂ ‘ಸಿಲುಯೆಟ್’. ಅಗ್ಗದ್ದು, ಅರೆಬರೆಯದ್ದು, ಜಿಪುಣತನದ್ದು ಎಲ್ಲಕ್ಕೂ ಒಂದೇ ವಿಶೇಷಣ. ಆ ಕಾಲಕ್ಕೆ ಮುಖದ ಚಿತ್ರ ಬೇಕೆಂದರೆ ವರ್ಣಚಿತ್ರಕಾರನ ಎದುರು ದಿನಗಟ್ಟಲೆ ಕೂತು ಕೈತುಂಬ ಹಣ ಕೊಡಬೇಕಿತ್ತು. ಅದಿಲ್ಲದವರು ಮೇಣದ ಬತ್ತಿಯ ಬೆಳಕಿನಲ್ಲಿ ಗೋಡೆಗೆ ಬಿದ್ದ ನೆರಳಿನ ಸುತ್ತ ಗೆರೆ ಎಳೆಸಿ, ಒಳಗೆ ಮಸಿ ತುಂಬಿಸಿ, ಅದನ್ನೇ ಚಿತ್ರ ಎಂದು ಇಟ್ಟುಕೊಳ್ಳುತ್ತಿದ್ದರು. ಅದೂ ‘ಸಿಲುಯೆಟ್ ಚಿತ್ರ’ ಆಯಿತು. ಬೇರೆ ಎರಡು ವಿವರಣೆಗಳೂ ಇವೆ. ಮಂತ್ರಿ ತಾನೇ ಇಂಥ ಚಿತ್ರ ಮಾಡುವ ಹವ್ಯಾಸಿಯಾಗಿದ್ದ, ಮಾರ್ನ್ ನದಿಯ ದಂಡೆಯ ಬ್ರಿಯಲ್ಲಿನ ತನ್ನ ಬಂಗಲೆಯ ಗೋಡೆಗಳನ್ನು ಅವುಗಳಿಂದ ಅಲಂಕರಿಸಿದ್ದ ಎನ್ನುವವರಿದ್ದಾರೆ. ಅವನ ಅಧಿಕಾರ ಅರ್ಧಕ್ಕೇ ನಿಂತಂತೆ ಈ ಚಿತ್ರವೂ ಅರ್ಧವೇ, ಅದಕ್ಕೇ ಆ ಹೆಸರು ಎನ್ನುವವರೂ ಇದ್ದಾರೆ. ನನಗೆ ಜೇಬಿಲ್ಲದ ಚಲ್ಲಣದ ಜತೆ ಹೊಂದುವ ಮೊದಲ ವಿವರಣೆಯೇ ನಂಬಿಕೆಗೆ ತಕ್ಕದ್ದೆನಿಸುತ್ತದೆ. ಜನರ ಗೇಲಿ ಸಾಮಾನ್ಯವಾಗಿ ದುಡ್ಡಿನ ಸುತ್ತಲೇ ಹುಟ್ಟುತ್ತದೆ.

ಮನೆತನದ ಹೆಸರು ಮೂಲದಲ್ಲಿ ಫ್ರೆಂಚ್ ಅಲ್ಲ, ಬಾಸ್ಕ್ ಭಾಷೆಯದು. ‘ಸುಲೋ’ ಎಂದರೆ ಆ ಭಾಷೆಯಲ್ಲಿ ತೂತು, ಗುಂಡಿ. ‘ಎಟ’ ಸೇರಿದರೆ ಅಂಥವು ಹೆಚ್ಚಿರುವ ಜಾಗ. ತೂತು ಬಿದ್ದ ಖಜಾನೆಗೆ ಅಧಿಕಾರಿಯಾದವನ ಹೆಸರಿನಲ್ಲೂ ತೂತು. ಪ್ಯಾರಿಸ್ಸಿನ ವಿಡಂಬನಕಾರರಿಗೆ ಇದು ಗೊತ್ತಿದ್ದಿದ್ದರೆ ಬಿಡುತ್ತಿದ್ದರೇ?

ಹೆಸರು 1759ರದ್ದಾದರೂ ಕಸುಬು ಅದಕ್ಕಿಂತ ಹಳೆಯದು. ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಒಂದು ಕಥೆ ಬರೆದಿಟ್ಟಿದ್ದಾನೆ. ಕೊರಿಂಥ್‌ನಲ್ಲಿದ್ದ ಬ್ಯುಟಾಡಿಸ್ ಎಂಬ ಕುಂಬಾರನ ಮಗಳು, ದೂರದೇಶಕ್ಕೆ ಹೊರಟಿದ್ದ ಪ್ರಿಯಕರನ ಮುಖದ ನೆರಳು ದೀಪದ ಬೆಳಕಿಗೆ ಗೋಡೆಯ ಮೇಲೆ ಬಿದ್ದಾಗ ಅದರ ಸುತ್ತ ಗೆರೆ ಎಳೆದಳಂತೆ. ಅಪ್ಪ ಆ ಗೆರೆಯೊಳಗೆ ಮಣ್ಣು ತುಂಬಿ, ಸುಟ್ಟು, ಉಬ್ಬುಚಿತ್ರ ಮಾಡಿದನಂತೆ. ಕಥೆಯಾಗಿ ಸೊಗಸಾಗಿದೆ. ಆದರೆ ಗೆರೆ ಎಳೆಯುವುದು ಅಷ್ಟು ಸುಲಭವಲ್ಲ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಕರೆಂಟು ಹೋದ ರಾತ್ರಿ ಮನೆಯಲ್ಲೇ ಪ್ರಯತ್ನಿಸಿ. ಮೇಣದ ಬತ್ತಿಯನ್ನು ಮುಖದ ಹತ್ತಿರ ಇಟ್ಟರೆ ನೆರಳು ದೈತ್ಯನದ್ದಾಗುತ್ತದೆ, ಅಂಚು ಮಸುಕಾಗುತ್ತದೆ. ಉರಿಗೂ ಒಂದಿಷ್ಟು ಅಗಲವಿರುವುದರಿಂದ ಅದರ ಒಂದು ಬದಿಯ ಬೆಳಕು ತಲುಪುವ ಜಾಗಕ್ಕೆ ಇನ್ನೊಂದು ಬದಿಯದು ತಲುಪುವುದಿಲ್ಲ, ಅಲ್ಲಿ ಅರೆನೆರಳು ಹುಟ್ಟುತ್ತದೆ. ಬತ್ತಿಯನ್ನು ದೂರ ಸರಿಸಿ, ಕೆನ್ನೆಯನ್ನು ಗೋಡೆಗೆ ಹತ್ತಿರ ತನ್ನಿ. ಆಗ ಗೆರೆ ಚೂಪಾಗುತ್ತದೆ. ನೇರ ಎದುರು ಮುಖದ ನೆರಳು ಹಿಡಿದರೆ ಎರಡು ಕಿವಿ ಅಂಟಿದ ಒಂದು ಚೆಂಡು ಬರುತ್ತದೆ, ಯಾರೆಂದು ಹೆತ್ತ ತಾಯಿಗೂ ಗೊತ್ತಾಗದು. ಪಕ್ಕಕ್ಕೆ ತಿರುಗಿದ ಕ್ಷಣ ಹಣೆ, ಮೂಗಿನ ಬುಡ, ತುಟಿಗಳ ನಡುವಿನ ಸಣ್ಣ ಮಡಿಕೆ, ಗಲ್ಲ ಎಲ್ಲ ಗೆರೆಯೊಳಗೆ ಬಂದುಬಿಡುತ್ತವೆ. ಹಳೆಯ ಸಿಲುಯೆಟ್‌ಗಳೆಲ್ಲ ಪಕ್ಕನೋಟದವಾಗಿರಲು ಇದೇ ಕಾರಣ.

ಹದಿನೆಂಟನೆಯ ಶತಮಾನದ ಜನ ಇದಕ್ಕೊಂದು ಕುರ್ಚಿಯನ್ನೇ ಮಾಡಿದ್ದರು. ಪಕ್ಕಕ್ಕೆ ಚೌಕಟ್ಟು, ಚೌಕಟ್ಟಿಗೆ ಬೆಳಕು ಹಾಯುವ ತೆಳು ಕಾಗದ. ಕೂತವರ ಆಚೆ ಮೇಣದ ಬತ್ತಿ, ಕಾಗದದ ಈಚೆ ಪೆನ್ಸಿಲ್ ಹಿಡಿದ ಕಲಾವಿದ. ಈ ಕುರ್ಚಿಯನ್ನು ಮನೆಮಾತು ಮಾಡಿದವನು ಜ್ಯೂರಿಕ್ಕಿನ ಪಾದ್ರಿ ಯೋಹಾನ್ ಕಾಸ್ಪರ್ ಲಾವಾಟರ್. 1775ರಿಂದ 1778ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಅವನ ಗ್ರಂಥದ ವಾದ ಇಷ್ಟು: ಮುಖದ ಗೆರೆ ನೋಡಿ ಗುಣ ಹೇಳಬಹುದು, ಬಣ್ಣ, ನಗು, ಕಣ್ಣಿನ ಹೊಳಪು ಮೋಸ ಮಾಡಬಹುದು, ಕಪ್ಪು ಗೆರೆ ಮಾಡದು. ಜರ್ಮನ್ ಕವಿ ಗಯಟೆ ತರುಣನಾಗಿದ್ದಾಗ ಈ ಕೆಲಸದಲ್ಲಿ ಅವನಿಗೆ ಕೈಜೋಡಿಸಿದ್ದ. ಗಯಟೆಯ 1774ರ ಕಾದಂಬರಿಯ ನಾಯಕ ವೆರ್ಥರ್ ತಾನು ಒಲಿದವಳ ಚಿತ್ರ ಬರೆಯಲು ಸೋತು ಕೊನೆಗೆ ಅವಳ ಸಿಲುಯೆಟ್ ಮಾಡಿಕೊಂಡು ಸಮಾಧಾನಪಡುತ್ತಾನೆ. ಯುರೋಪಿನ ತರುಣರೆಲ್ಲ ಆ ಪುಸ್ತಕಕ್ಕೆ ಮರುಳಾಗಿದ್ದ ಕಾಲ, ಕಪ್ಪು ಮುಖಗಳ ಶೋಕಿ ಏರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಲಾವಾಟರನ ಶಾಸ್ತ್ರ ಮಾತ್ರ ಶುದ್ಧ ಟೊಳ್ಳು. ಅವನ ಕಾಲದಲ್ಲೇ ಗೊಟಿಂಗೆನ್ನಿನ ವಿಜ್ಞಾನಿ ಲಿಖ್ಟೆನ್‌ಬರ್ಗ್ ಅದನ್ನು ಹರಿದು ಹಾಕಿದ್ದ. ಆದರೂ ಅದು ಬೇಗ ಸಾಯಲಿಲ್ಲ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಸ್‌ರಾಯ್ ಜತೆಗಾರನಾಗಲು ಬಂದ ತರುಣನೊಬ್ಬನನ್ನು ಮೂಗಿನ ಆಕಾರ ನೋಡಿ ಬೇಡವೆನ್ನುವುದರಲ್ಲಿದ್ದ. ಆತ ಲಾವಾಟರನ ಅಪ್ಪಟ ಅಭಿಮಾನಿ. ಅಂಥ ಮೂಗಿನವನಿಗೆ ಇಷ್ಟು ದೂರದ ಪಯಣಕ್ಕೆ ಬೇಕಾದ ಕಸುವು, ಛಲ ಇರುವುದು ಅನುಮಾನ ಎಂದು ಅವನ ಎಣಿಕೆ. ಮೂಗು ಚಾರ್ಲ್ಸ್ ಡಾರ್ವಿನ್ನನದು. ಇದನ್ನು ಡಾರ್ವಿನ್ ತನ್ನ ಆತ್ಮಕಥನದಲ್ಲಿ ನಗುತ್ತಾ ಹೇಳಿಕೊಂಡಿದ್ದಾನೆ. ಸಿಲುಯೆಟ್ ಒಬ್ಬ ವ್ಯಕ್ತಿ ಯಾರೆಂದು ಹೇಳಬಲ್ಲದು, ಎಂಥವನೆಂದು ಹೇಳಲಾರದು. ಈ ಗೆರೆ ದಾಟಿದವರೆಲ್ಲ ಎಡವಿದ್ದಾರೆ.

ನನಗೆ ಪ್ರಿಯವಾದ ಅಧ್ಯಾಯ ಅಟ್ಲಾಂಟಿಕ್ಕಿನ ಆಚೆಯದು. ಫಿಲಡೆಲ್ಫಿಯಾದಲ್ಲಿ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಒಂದು ಮ್ಯೂಸಿಯಂ ನಡೆಸುತ್ತಿದ್ದ. ಅವನ ಮನೆಯಲ್ಲಿ ಗುಲಾಮನಾಗಿ ಬೆಳೆದವನು ಮೋಸೆಸ್ ವಿಲಿಯಮ್ಸ್. ಪೀಲನ ಮಕ್ಕಳು ಬಣ್ಣ, ಕ್ಯಾನ್ವಾಸು ಹಿಡಿದು ದೊಡ್ಡ ಚಿತ್ರಕಾರರಾದರು. ವಿಲಿಯಮ್ಸನ ಪಾಲಿಗೆ ಬಂದದ್ದು ಮುಖದ ಗೆರೆ ಹಿಡಿಯುವ ಒಂದು ಯಂತ್ರ. ಯಂತ್ರದ ಸಣ್ಣ ಕಡ್ಡಿ ಕೂತವರ ಹಣೆ ಮೂಗು ಗಲ್ಲಗಳ ಮೇಲೆ ಸರಿದುಹೋದರೆ, ಮಡಚಿಟ್ಟ ಬಿಳಿ ಕಾಗದದ ಮೇಲೆ ಅದೇ ಗೆರೆ ಚಿಕ್ಕದಾಗಿ ಮೂಡುತ್ತಿತ್ತು. ಮುಂದಿನದು ಕತ್ತರಿಯ ಕೆಲಸ. ಮುಖವನ್ನು ಕತ್ತರಿಸಿ ತೆಗೆದು ಎಸೆದು, ಉಳಿದ ತೂತಿನ ಹಿಂದೆ ಕಪ್ಪು ಬಟ್ಟೆಯನ್ನೋ ಕಾಗದವನ್ನೋ ಇಟ್ಟರೆ ಚಿತ್ರ ಸಿದ್ಧ. ಕೆಲವೇ ಸೆಂಟುಗಳ ಬೆಲೆ. 1803ರ ಒಂದೇ ವರ್ಷದಲ್ಲಿ ಅವನು 8,000ಕ್ಕೂ ಹೆಚ್ಚು ಮುಖಗಳನ್ನು ಕತ್ತರಿಸಿದ ಎಂದು ಪೀಲ್ ಬರೆದಿದ್ದಾನೆ. ಆ ವೇಳೆಗೆ ವಿಲಿಯಮ್ಸ್ ಸ್ವತಂತ್ರನಾಗಿದ್ದ. ಈ ದುಡಿಮೆಯಿಂದಲೇ ಸ್ವಂತ ಮನೆ ಮಾಡಿಕೊಂಡ. ಫಿಲಡೆಲ್ಫಿಯಾದ ಲೈಬ್ರರಿ ಕಂಪನಿಯ ಸಂಗ್ರಹದಲ್ಲಿ ಅವನದೇ ಪಕ್ಕನೋಟವಿದೆ. ಅದರ ಮೇಲಿನ ಬರಹ ಅವನನ್ನು ಗುರುತಿಸುವುದು ‘ಪ್ರೊಫೈಲ್ ಕತ್ತರಿಸುವವ’ ಎಂದು. ಬಿಳಿಯರೂ ಕರಿಯರೂ ಒಂದೇ ಕಪ್ಪಿನಲ್ಲಿ ಕಾಣುವ ಕಲೆಯಲ್ಲಿ ಹೀಗೊಬ್ಬ ಹೆಸರು ಉಳಿಸಿಕೊಂಡದ್ದರ ವ್ಯಂಗ್ಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನವರು ಇವನ್ನು ಬಹುಕಾಲ ‘ಶೇಡ್’ ಅಥವಾ ‘ಪ್ರೊಫೈಲ್’ ಎಂದೇ ಕರೆಯುತ್ತಿದ್ದರು. ಫ್ರಾನ್ಸಿನಿಂದ ಬಂದ ಒಗುಸ್ತ್ ಎದುಆರ್ ಆ ರೂಢಿ ತಪ್ಪಿಸಿದ. ಮೊದಲು ಮನುಷ್ಯರ ಕೂದಲಿನಿಂದ ಚಿತ್ರ ಮಾಡಿ ಹೊಟ್ಟೆ ಹೊರೆಯುತ್ತಿದ್ದವನು 1820ರ ದಶಕದಲ್ಲಿ ಕತ್ತರಿ ಹಿಡಿದ. ಯಂತ್ರ ಕಂಡರೆ ಅವನಿಗಾಗದು. ಎದುರಿಗೆ ನಿಂತವರನ್ನು ನೋಡುತ್ತಲೇ ಕತ್ತರಿಸುತ್ತಿದ್ದ, ಮುಖವಷ್ಟೇ ಅಲ್ಲ, ನಿಲುವು, ಕೋಲು, ಟೊಪ್ಪಿಗೆ ಸಮೇತ. ಕಾಗದ ಮಡಚಿ ಕತ್ತರಿಸಿದರೆ ಒಮ್ಮೆಗೆ ಎರಡು ಪ್ರತಿ. ಒಂದು ಗಿರಾಕಿಗೆ, ಇನ್ನೊಂದಕ್ಕೆ ಹೆಸರು, ಊರು, ದಿನಾಂಕ ಬರೆದು ತನ್ನ ಆಲ್ಬಮ್ಮಿಗೆ. ‘ಸಿಲುಯೆಟ್’ ಎಂಬ ಫ್ರೆಂಚ್ ಪದದಲ್ಲಿ ಇಂಗ್ಲಿಷರಿಗೆ ಗತ್ತು ಕಂಡಿತು, ಬೆಲೆಯೂ ಕುದುರಿತು. ಅಂದರೆ ಪ್ಯಾರಿಸ್ಸಿನಲ್ಲಿ ಅಗ್ಗಕ್ಕೆ ಇಟ್ಟ ಹೆಸರು ಇಂಗ್ಲಿಷ್ ಕಾಲುವೆ ದಾಟುತ್ತಲೇ ದುಬಾರಿಯಾಯಿತು! ಎದುಆರ್ ಅಮೆರಿಕದಲ್ಲಿ ಹತ್ತು ವರ್ಷ ಸುತ್ತಿ, 1849ರಲ್ಲಿ ಯುರೋಪಿಗೆ ಮರಳುವಾಗ ಗರ್ನ್ಸಿ ದ್ವೀಪದ ಬಳಿ ಹಡಗು ಒಡೆಯಿತು. ಆತ ಬದುಕಿದ, ಆಲ್ಬಮ್ಮುಗಳಲ್ಲಿ ಬಹುಪಾಲು ನೀರುಪಾಲಾದವು. ಅಳಿದುಳಿದವನ್ನು ತನಗೆ ಆಶ್ರಯ ಕೊಟ್ಟ ಮನೆಯವರಿಗೆ ಕೊಟ್ಟು, ಮತ್ತೆ ಆ ಕಸುಬಿಗೆ ಮರಳಲಿಲ್ಲ ಎನ್ನುತ್ತಾರೆ. ಮರಳಿದ್ದರೂ ಗಿರಾಕಿ ಸಿಗುತ್ತಿರಲಿಲ್ಲವೇನೋ. ಅಷ್ಟರಲ್ಲಿ ಫೋಟೊಗ್ರಫಿ ಬಂದು ಹತ್ತು ವರ್ಷ ಕಳೆದಿತ್ತು.

ಮುಖ ಹಿಡಿಯುವ ಕೆಲಸ ಕೈತಪ್ಪಿದ ಮೇಲೆ ಸಿಲುಯೆಟ್ ಕಥೆ ಹೇಳುವ ಕೆಲಸಕ್ಕೆ ಸೇರಿತು. ಬರ್ಲಿನ್ನಿನ ಲೊಟೆ ರೈನಿಗರ್ ರಟ್ಟು ಕತ್ತರಿಸಿ ಕೀಲು ಜೋಡಿಸಿದ ಕಪ್ಪು ಗೊಂಬೆಗಳನ್ನು ಬೆಳಕಿನ ಗಾಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಚಿತ್ರ ತೆಗೆದು, 1926ರಲ್ಲಿ ‘ರಾಜಕುಮಾರ ಅಹಮದನ ಸಾಹಸಗಳು’ ಎಂಬ ಪೂರ್ಣಾವಧಿಯ ಅನಿಮೇಶನ್ ಸಿನಿಮಾ ಮುಗಿಸಿದರು. ನಮಗೆ ಉಳಿದಿರುವ ಅಂಥ ಸಿನಿಮಾಗಳಲ್ಲಿ ಅದೇ ಅತ್ಯಂತ ಹಳೆಯದು. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ 1957ರ ‘ಪ್ಯಾಸಾ’ದಲ್ಲಿ ತೆಗೆದ ಒಂದು ದೃಶ್ಯ ನೋಡಿ. ಸತ್ತನೆಂದು ಎಲ್ಲರೂ ನಂಬಿದ ಕವಿಗೆ ಸಭಾಂಗಣದಲ್ಲಿ ಶ್ರದ್ಧಾಂಜಲಿ ನಡೆದಿದೆ. ಹಿಂಬದಿಯ ಬಾಗಿಲಲ್ಲಿ ಕವಿಯೇ ಬಂದು ನಿಲ್ಲುತ್ತಾನೆ. ಹಿಂದಿನಿಂದ ಬೆಳಕು, ಎರಡೂ ಕೈ ಚಾಚಿ ನಿಂತ, ಕವಿಯ ಪಾತ್ರದ ಗುರುದತ್ ಬರೀ ಕಪ್ಪು ಆಕೃತಿ. ಮುಖ ಕಾಣಿಸಿದ್ದರೆ ಅವನು ಒಬ್ಬ ನೊಂದ ಮನುಷ್ಯನಾಗುತ್ತಿದ್ದ. ಮುಖ ಕಾಣಿಸದೆ ಶಿಲುಬೆಗೇರಿದವನಾದ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಮೂರ್ತಿಯವರೇ.

ತೊಗಲುಗೊಂಬೆಯಾಟವೂ ಸಿಲುಯೆಟ್ಟೇ ಅಲ್ಲವೇ ಎಂದು ಕೆಲವು ಶಿಕ್ಷಕರು ಬರೆಯುತ್ತಾರೆ. ನಮ್ಮದು ಅಲ್ಲ. ಕಿಳ್ಳೇಕ್ಯಾತ ಸಮುದಾಯದವರು ಆಡಿನ ತೊಗಲನ್ನು ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿ, ಅದಕ್ಕೆ ಕೆಂಪು, ಹಸಿರು ಬಣ್ಣ ಕೊಡುತ್ತಾರೆ. ಪರದೆಯ ಮೇಲೆ ರಾವಣನ ಕಿರೀಟ ಬಣ್ಣದಲ್ಲೇ ಹೊಳೆಯುತ್ತದೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಬದುಕಿಡೀ ಆಡಿಸಿದ್ದು ಈ ಬಣ್ಣದ ಬೆಳಕನ್ನು. ಕೇರಳದ ತೋಲ್‌ಪಾವಕೂತ್ತಿನ ಗೊಂಬೆಗಳು ಬೆಳಕನ್ನು ತಡೆಯುತ್ತವೆ, ಪರದೆಗೆ ಕಪ್ಪು ಆಕೃತಿಯೇ ಬೀಳುತ್ತದೆ. ಆ ಪದ ಅದಕ್ಕೆ ಹೆಚ್ಚು ಒಪ್ಪುತ್ತದೆ. ಪಠ್ಯಪುಸ್ತಕಗಳಲ್ಲಿ ಎರಡನ್ನೂ ‘ನೆರಳಿನಾಟ’ ಎಂದು ಒಂದೇ ಚೀಲಕ್ಕೆ ತುಂಬುವುದು ನಮ್ಮ ಬಣ್ಣಗಾರರಿಗೆ ಮಾಡುವ ಅನ್ಯಾಯ.

ಆಕಾರವೊಂದರಿಂದಲೇ ಗುರುತು ಹಿಡಿಯುವ ವಿದ್ಯೆ ಈಗಲೂ ಬಳಕೆಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಪ್ಪು ಆಕೃತಿ ಅಚ್ಚುಹಾಕಿದ ಇಸ್ಪೀಟು ಎಲೆಗಳನ್ನು ಸೈನಿಕರಿಗೆ ಹಂಚಿದ್ದರು: ತಲೆಯ ಮೇಲೆ ಹಾರುವುದು ನಮ್ಮದೋ ಶತ್ರುವಿನದೋ ಎಂದು ಆಟವಾಡುತ್ತಲೇ ಕಲಿಯಲಿ ಎಂದು. ಪಕ್ಷಿ ನೋಡುವವರೂ ಹೀಗೇ ಪಳಗುತ್ತಾರೆ. ಬಿಸಿಲಿಗೆ ಎದುರಾಗಿ ಸುತ್ತುವ ಹಕ್ಕಿಯ ಬಣ್ಣ ಕಾಣುವುದಿಲ್ಲ. ಬಾಲದ ತುದಿ ಕವೆಯೊಡೆದಿದ್ದರೆ ಹದ್ದು, ದುಂಡಗಿದ್ದರೆ ಗರುಡ. ಆದರೆ ಆಳ ಮಾತ್ರ ಈ ಕಪ್ಪಿನಲ್ಲಿ ಸಿಗುವುದಿಲ್ಲ. ಜಪಾನಿನ ನೊಬುಯುಕಿ ಕಯಾಹಾರ 2003ರಲ್ಲಿ ಮಾಡಿದ, ಒಂಟಿಕಾಲಲ್ಲಿ ಗಿರಕಿ ಹೊಡೆಯುವ ನರ್ತಕಿಯ ಚಿತ್ರ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಎಡಕ್ಕೆ ತಿರುಗುತ್ತಾಳೆ ಎಂದು ಒಬ್ಬರು, ಬಲಕ್ಕೆ ಎಂದು ಇನ್ನೊಬ್ಬರು. ಚಾಚಿದ ಕಾಲು ನಮ್ಮ ಕಡೆಗಿದೆಯೋ ಆಚೆಗಿದೆಯೋ ಹೇಳುವ ಯಾವ ಸುಳಿವೂ ಒಳಗಿಲ್ಲ, ಆದ್ದರಿಂದ ಇಬ್ಬರೂ ಸರಿ. ‘ಇದು ನಿಮ್ಮ ಮಿದುಳಿನ ಪರೀಕ್ಷೆ’ ಎಂದು ಅದರ ಕೆಳಗೆ ಬರೆದು ಹಂಚುವವರು ಲಾವಾಟರನ ಮೊಮ್ಮಕ್ಕಳು, ನಂಬಬೇಡಿ.

ಪದವನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಫ್ರೆಂಚರು, ಇಂಗ್ಲಿಷರು ಇಬ್ಬರೂ ನಡುವಿನ ಹಕಾರವನ್ನು ಉಚ್ಚರಿಸುವುದಿಲ್ಲ, ಹಾಗಾಗಿ ‘ಸಿಲ್ಹೌಟ್’ ಬೇಡ, ‘ಸಿಲುಯೆಟ್’ ಸಾಕು. ಕನ್ನಡದ್ದೇ ಬೇಕೆಂದರೆ ‘ಕಪ್ಪು ಆಕೃತಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಛಾಯಾಚಿತ್ರ’ ಫೋಟೊಗೆ ಮೀಸಲಾಗಿಬಿಟ್ಟಿದೆ, ಅದನ್ನು ಈಗ ಕಿತ್ತುಕೊಳ್ಳಲಾಗದು. ಕತ್ತಲಲ್ಲಿ ತೆಗೆದು ಕೆಟ್ಟುಹೋದ ಫೋಟೊಗಳಿಗೆಲ್ಲ ಸಿಲುಯೆಟ್ ಎಂದು ಹೆಸರಿಟ್ಟು ಸ್ಪರ್ಧೆಗೆ ಕಳಿಸುವುದನ್ನು ದಯವಿಟ್ಟು ಬಿಡಿ. ಅಂಚು ಸ್ಪಷ್ಟವಿಲ್ಲದ ಕಪ್ಪು ಬರೀ ಕಪ್ಪು.

ಮಂತ್ರಿ ಸಿಲುಯೆಟ್ 1767ರಲ್ಲಿ ಬ್ರಿಯ ತನ್ನ ಬಂಗಲೆಯಲ್ಲಿ ತೀರಿಕೊಂಡ. ಅವನನ್ನು ಜಿಪುಣನೆಂದು ಗೇಲಿ ಮಾಡಿದವರ ಮಾತನ್ನೇ ನಿಘಂಟುಗಳು ನಮಗೆ ದಾಟಿಸಿವೆ. ಖಜಾನೆ ತುಂಬಲು ಬಡವರ ಬದಲು ಉಳ್ಳವರ ಕಡೆ ಕೈಚಾಚಿದ್ದು ಅವನ ಅಪರಾಧವಾಗಿದ್ದರೆ, ಆ ಕಾಲದ ಫ್ರಾನ್ಸಿನಲ್ಲಿ ಸರಿಯಾದ ಲೆಕ್ಕ ಹಾಕಿದ ಕೆಲವರಲ್ಲಿ ಅವನೂ ಒಬ್ಬ ಎಂದೇ ನಾನು ಹೇಳುತ್ತೇನೆ. ಕುಲೀನರು ತೆರಿಗೆ ಕೊಡಲೊಲ್ಲದ ಆ ವ್ಯವಸ್ಥೆ ಮುಂದೆ ಮೂವತ್ತು ವರ್ಷ ಎಳೆದಾಡಿ 1789ರಲ್ಲಿ ಕುಸಿಯಿತು. ಕ್ರಾಂತಿಯ ನಂತರದ ಸರ್ಕಾರ 1798ರಲ್ಲಿ ಮನೆಗಳ ಬಾಗಿಲು ಕಿಟಕಿ ಎಣಿಸಿ ತೆರಿಗೆ ಹಾಕಿತು. ಆ ತೆರಿಗೆಯನ್ನು ಫ್ರಾನ್ಸ್ ರದ್ದು ಮಾಡಿದ್ದು 1926ರಲ್ಲಿ.